ಒಂದು ಪಿಸ್ತೂಲು, ಎರಡು ಎಳೆತ

ಯುದ್ಧದ ಸಿನಿಮಾ ನೋಡಿದ ಮಕ್ಕಳು ನಮ್ಮನ್ನು ಕೇಳುವುದುಂಟು: "ಮಾಷ್ಟ್ರೇ, ಗುಂಡು ಹಾರಿಸುವ ಮೊದಲು ಪಿಸ್ತೂಲಿನ ಹಿಂಭಾಗವನ್ನು ಹೆಬ್ಬೆರಳಿನಿಂದ ಎಳೆಯುವುದು ಯಾಕೆ?" ಇದರ ಹಿಂದೆ ಒಂದು ಸ್ವಾರಸ್ಯದ ಚರಿತ್ರೆಯೇ ಇದೆ ಮಿತ್ರರೇ.

ಜಾನ್ ಬ್ರೌನಿಂಗ್ ರೂಪಿಸಿದ ಪಿಸ್ತೂಲನ್ನು ಅಮೆರಿಕದ ಸೇನೆ 1911ರಲ್ಲಿ ಸ್ವೀಕರಿಸಿತು. ಅದು ಸಿಂಗಲ್ ಆ್ಯಕ್ಷನ್. ಎಂದರೆ ಟ್ರಿಗರ್‌ಗೆ ಒಂದೇ ಕೆಲಸ, ಮೊದಲೇ ಎತ್ತಿಟ್ಟ ಹ್ಯಾಮರನ್ನು ಬೀಳಿಸುವುದು. ತಟ್ಟನೆ ಬಳಸಬೇಕಿದ್ದರೆ ಹ್ಯಾಮರ್ ಎತ್ತಿ, ಸೇಫ್ಟಿ ಹಾಕಿ ಸೊಂಟದಲ್ಲಿಟ್ಟುಕೊಳ್ಳಬೇಕು. ನೋಡಿದವರ ಎದೆ ಝಲ್ಲೆನ್ನುತ್ತದೆ! ಇಳಿಸಿಟ್ಟರೋ, ಅಪಾಯದ ಹೊತ್ತಿನಲ್ಲಿ ಎತ್ತಲು ಸಮಯ ಬೇಕಲ್ಲ?

ಜರ್ಮನಿಯ ವಾಲ್ಥರ್ ಕಂಪನಿ 1929ರ ಪಿಪಿ, ಆಮೇಲೆ ಪಿ38 ಪಿಸ್ತೂಲುಗಳಲ್ಲಿ ಡಬಲ್ ಆ್ಯಕ್ಷನ್ ತಂದಿತು. ಇಲ್ಲಿ ಟ್ರಿಗರ್ ಎಳೆದರೆ ಹ್ಯಾಮರ್ ತಾನೇ ಎದ್ದು ಬೀಳುತ್ತದೆ.

1970ರ ದಶಕದಲ್ಲಿ ಜರ್ಮನ್ ಮೂಲದ ಲೂಯಿ ಸೀಕ್ಯಾಂಪ್ ಅಮೆರಿಕದಲ್ಲಿ ಹಳೆಯ 1911ಗಳನ್ನೇ ಡಬಲ್ ಆ್ಯಕ್ಷನ್‌ಗೆ ಮಾರ್ಪಡಿಸತೊಡಗಿದರು. ಕೆಲಸ ಸುಲಭದ್ದಲ್ಲ. 1911ರ ಟ್ರಿಗರ್ ನೇರ ಹಿಂದಕ್ಕೆ ಜಾರುವಂಥದು. ಹ್ಯಾಮರ್ ಎತ್ತಬೇಕಾದರೆ ಕೀಲಿನ ಮೇಲೆ ತಿರುಗುವ ಟ್ರಿಗರ್ ಬೇಕು.

ಭಯವೇನೋ ಕಳೆಯಿತು, ಹೊಸ ತೊಡಕು ಬಂತು. ಮೊದಲ ಗುಂಡಿಗೆ ಉದ್ದದ, ಬಿಗಿಯಾದ ಎಳೆತ. ಅದು ಹಾರಿದ ರಭಸಕ್ಕೇ ಹ್ಯಾಮರ್ ಏಳುವುದರಿಂದ ಎರಡನೆಯದಕ್ಕೆ ಹಗುರ ಎಳೆತ. ಬೆರಳು ಎರಡನ್ನೂ ಕಲಿಯಬೇಕು.

1985ರಲ್ಲಿ ಸೇನೆ ಡಬಲ್ ಆ್ಯಕ್ಷನ್ನಿನ ಬೆರೆಟ್ಟಾ ಆರಿಸಿತು. ಆದರೆ ಕೋಲ್ಟ್ ಕಂಪನಿಯೇ ತಂದ ಡಬಲ್ ಈಗಲ್ 1997ರ ನಂತರ ಉಳಿಯಲಿಲ್ಲ. ಸಿಂಗಲ್ ಆ್ಯಕ್ಷನ್ 1911 ಮಾತ್ರ ಇಂದಿಗೂ ತಯಾರಾಗುತ್ತಿದೆ.

ಯಂತ್ರಗಳ ಚರಿತ್ರೆ ಕಲಿಸುವಾಗ ಏನು ಸೇರಿಸಿದರು ಎನ್ನುವುದರ ಜೊತೆಗೆ ಏನು ಕಳೆದುಕೊಂಡರು ಎಂದೂ ಮಕ್ಕಳನ್ನು ಕೇಳೋಣ.