ನಾಡಿ ತಿದ್ದಿದ ಮಲೇರಿಯಾ ಮದ್ದು

ಹೃದಯದ ಲಯವನ್ನು ತಿದ್ದುವ ಮದ್ದುಗಳ ಚರಿತ್ರೆಯಲ್ಲಿ ಮೊದಲ ಶ್ರೇಯ ಒಬ್ಬ ರೋಗಿಗೆ ಸಲ್ಲಬೇಕು. 1912ರಲ್ಲಿ ಡಚ್ ವೈದ್ಯ ಕಾರೆಲ್ ಫ್ರೆಡ್ರಿಕ್ ವೆಂಕೆಬಾಕ್ ಅವರ ಬಳಿ ಬಂದ ವ್ಯಾಪಾರಿಯೊಬ್ಬನಿಗೆ ಹೃತ್ಕರ್ಣದ ಕಂಪನವಿತ್ತು, ಅಂದರೆ ಹೃದಯದ ಮೇಲಿನ ಕೋಣೆಗಳು ಕ್ರಮವಾಗಿ ಸಂಕುಚಿಸದೆ ಅದುರುತ್ತಿದ್ದುದರಿಂದ ನಾಡಿ ಲೆಕ್ಕ ತಪ್ಪಿ ಬಡಿಯುತ್ತಿತ್ತು; ಇದನ್ನು ನಿಲ್ಲಿಸುವುದು ತಮ್ಮಿಂದಾಗದೆಂದು ವೈದ್ಯರು ಒಪ್ಪಿಕೊಂಡಾಗ, ಮಲೇರಿಯಾ ಹಬ್ಬಿದ ನಾಡುಗಳಲ್ಲಿ ವ್ಯವಹರಿಸಿ ಕ್ವಿನೈನ್ ಸೇವನೆ ರೂಢಿಯಾಗಿದ್ದ ಆತ ಒಂದು ಗ್ರಾಂ ನುಂಗಿ, ಮರುದಿನ ಬೆಳಿಗ್ಗೆ ಸಮವಾದ ನಾಡಿಯೊಂದಿಗೆ ಹಾಜರಾದ. ವೆಂಕೆಬಾಕ್ ಇದನ್ನು 1914ರಲ್ಲಿ ಪ್ರಕಟಿಸಿದರು. ಅದೇ ಸಿಂಕೋನಾ ತೊಗಟೆಯಲ್ಲಿರುವ ಕ್ವಿನಿಡಿನ್ ಇನ್ನೂ ಪರಿಣಾಮಕಾರಿ ಎಂದು ಜರ್ಮನಿಯ ವಾಲ್ಟರ್ ಫ್ರೈ 1918ರಲ್ಲಿ ತೋರಿಸಿದರು.

ಕಿವಿಯಲ್ಲಿ ಗುಂಯ್‌ಗುಡುವಿಕೆ, ತಲೆಸುತ್ತು, ಭೇದಿ ಈ ಮದ್ದಿನ ಪರಿಚಿತ ಕಾಟಗಳಾಗಿದ್ದವು. ಆದರೆ ಕೆಲವರು ಇದ್ದಕ್ಕಿದ್ದಂತೆ ಮೂರ್ಛೆ ಬೀಳುತ್ತಿದ್ದುದರ ಗುಟ್ಟು 1964ರಲ್ಲಿ ಬಯಲಾಯಿತು: ಮೇಲಿನ ಕೋಣೆಯ ಅದುರುವಿಕೆಯನ್ನು ಅಡಗಿಸಲು ಕೊಟ್ಟ ಮದ್ದೇ ಕೆಳಗಿನ ಕೋಣೆಯಾದ ಹೃತ್ಕುಕ್ಷಿಯನ್ನು ಅದುರಿಸುತ್ತಿತ್ತು.

ಇಂಥ ಮದ್ದುಗಳು ಹೆಚ್ಚಿದಂತೆ ಆಕ್ಸ್‌ಫರ್ಡ್‌ನ ವಾನ್ ವಿಲಿಯಮ್ಸ್ ಅವರ ವರ್ಗೀಕರಣ 1970ರ ದಶಕದಲ್ಲಿ ನೆಲೆಗೊಂಡಿತು. ಸೋಡಿಯಂ ಒಳಹರಿವನ್ನು ತಡೆದು ವಿದ್ಯುತ್ ಸಂಕೇತವನ್ನು ನಿಧಾನಗೊಳಿಸುವವು ಮೊದಲ ವರ್ಗ, ಅಡ್ರಿನಲಿನ್ ಪ್ರಚೋದನೆಗೆ ಅಡ್ಡ ನಿಲ್ಲುವ ಬೀಟಾ ಬ್ಲಾಕರ್‌ಗಳು ಎರಡನೆಯದು, ಅಮಿಯೊಡರೋನ್‌ನಂತೆ ಜೀವಕೋಶ ಮತ್ತೆ ಸಜ್ಜಾಗುವ ಅವಧಿಯನ್ನು ಹಿಗ್ಗಿಸುವವು ಮೂರನೆಯದು, ಕ್ಯಾಲ್ಸಿಯಂ ತಡೆಯುವವು ನಾಲ್ಕನೆಯದು. ಮೊದಲನೆಯದರಲ್ಲಿ ಕುಳಿತ ಕ್ವಿನಿಡಿನ್‌ಗೆ ಮೂರನೆಯದರ ಗುಣವೂ ಇರುವುದರಿಂದ ಈ ಕಪಾಟು ಕಾಣುವಷ್ಟು ಅಚ್ಚುಕಟ್ಟಲ್ಲ.

ದೊಡ್ಡ ಪೆಟ್ಟು ಬಿದ್ದುದು ಮೊದಲ ವರ್ಗಕ್ಕೇ. ಹೃದಯಾಘಾತದ ನಂತರ ನಡುನಡುವೆ ಹೆಚ್ಚುವರಿ ಬಡಿತಗಳಿರುವವರಿಗೆ ಹಠಾತ್ ಸಾವಿನ ಭಯ ಹೆಚ್ಚು. ಆದ್ದರಿಂದ ಆ ಬಡಿತಗಳನ್ನು ಅಡಗಿಸಿದರೆ ಸಾವೂ ತಪ್ಪುತ್ತದೆಂಬ ತರ್ಕ ಎಷ್ಟು ಸಹಜವಾಗಿ ತೋರಿತೆಂದರೆ, ಪರೀಕ್ಷೆಗೆ ಮುನ್ನವೇ ಅದು ಚಿಕಿತ್ಸೆಯಾಗಿ ಬಳಕೆಗೆ ಬಂದಿತ್ತು. ಕೊನೆಗೆ ಅದನ್ನು ಒರೆಗೆ ಹಚ್ಚಿದ ಕಾಸ್ಟ್ ಎಂಬ ಅಧ್ಯಯನದಲ್ಲಿ ಮೊದಲ ವರ್ಗದ ಎನ್‌ಕೈನೈಡ್ ಅಥವಾ ಫ್ಲೆಕೈನೈಡ್ ಪಡೆದ 755 ಮಂದಿಯಲ್ಲಿ 63 ಮಂದಿ ತೀರಿಕೊಂಡರೆ, ಸತ್ವವಿಲ್ಲದ ಹುಸಿ ಗುಳಿಗೆ ಪಡೆದ 743 ಮಂದಿಯಲ್ಲಿ ಸತ್ತವರು 26. ಇವರೆಲ್ಲ ಮದ್ದಿಗೆ ಬಡಿತಗಳು ಅಡಗಿದವೆಂದು ಮೊದಲೇ ಖಚಿತಪಡಿಸಿಕೊಂಡು ಆರಿಸಿದ ರೋಗಿಗಳು ಎಂಬುದನ್ನು ಮರೆಯುವಂತಿಲ್ಲ. 1989ರಲ್ಲಿ ಈ ಎರಡು ಮದ್ದುಗಳ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಎನ್‌ಕೈನೈಡ್ ಮಾರುಕಟ್ಟೆಯಿಂದ ಮರೆಯಾಯಿತು. ಫ್ಲೆಕೈನೈಡ್ ಇಂದಿಗೂ ಹೃತ್ಕರ್ಣದ ಕಂಪನಕ್ಕೆ ಬಳಕೆಯಲ್ಲಿದ್ದರೂ, ಹೃದಯಾಘಾತವಾದವರ ಔಷಧಿ ಚೀಟಿಯಲ್ಲಿ ಅದನ್ನು ಬರೆಯುವಂತಿಲ್ಲ.