ಶ್ರೀಗಂಧಕ್ಕೆ ಬೆಲೆ ತಂದ ಪ್ರಯೋಗಶಾಲೆ

1914ರ ಆಗಸ್ಟಿನಲ್ಲಿ ಯೂರೋಪಿನಲ್ಲಿ ಹೊತ್ತಿಕೊಂಡ ಯುದ್ಧದ ಬಿಸಿ ಮೈಸೂರು ಸಂಸ್ಥಾನದ ಗಂಧದ ಕೋಠಿಗಳಿಗೂ ತಟ್ಟಿತು. ಶ್ರೀಗಂಧದ ಮರ ಯಾರ ಹೊಲದಲ್ಲಿ ಬೆಳೆದರೂ ಸರ್ಕಾರದ ಸೊತ್ತಾಗಿದ್ದ ಕಾಲವದು. ಕೊರಡುಗಳನ್ನು ಹರಾಜು ಹಾಕಿ ಬಂದ ಹಣವನ್ನು ಬೊಕ್ಕಸಕ್ಕೆ ಸೇರಿಸುವುದು ಪದ್ಧತಿ. ಹೀಗೆ ಮಾರಾಟವಾದ ಮರದ ಬಹುಪಾಲು ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಬಂದೊಡನೆ ಆ ಮಾರುಕಟ್ಟೆ ಮುಚ್ಚಿತು. ಸಂಸ್ಥಾನದ ದೊಡ್ಡದೊಂದು ಆದಾಯದ ಮೂಲಕ್ಕೇ ಧಕ್ಕೆ ಒದಗಿತು.

ಮರವನ್ನು ಮಾರುವ ಬದಲು ಎಣ್ಣೆಯನ್ನೇ ಏಕೆ ಮಾರಬಾರದು? ಪ್ರಶ್ನೆ ಸರಳ, ಉತ್ತರ ಸುಲಭವಾಗಿರಲಿಲ್ಲ. ಮರದ ಚೇಗನ್ನು ಪುಡಿ ಮಾಡಿ, ಹಬೆ ಹಾಯಿಸಿ, ಬಟ್ಟಿ ಇಳಿಸಿದರೆ ಎಣ್ಣೆ ಬರುತ್ತದೆ. ಆದರೆ ಔಷಧ ಮತ್ತು ಸುಗಂಧದ್ರವ್ಯಗಳ ತಯಾರಕರು ಕೇಳುವ ಶುದ್ಧತೆ ಪ್ರತಿ ಬಾರಿಯೂ ಒಂದೇ ಸಮನಾಗಿ ಸಿಗಬೇಕು. ಅದಕ್ಕೆ ರಸಾಯನಶಾಸ್ತ್ರ ಬಲ್ಲವರು ಬೇಕಿತ್ತು.

ಅಂಥವರು ಬೆಂಗಳೂರಿನಲ್ಲೇ ಇದ್ದರು. ಜೆಮ್‌ಷೆಟ್‌ಜಿ ಟಾಟಾ ಅವರ ದಾನ ಮತ್ತು ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಭೂಮಿಯ ಆಧಾರದ ಮೇಲೆ 1909ರಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ವಿಜ್ಞಾನ ಸಂಸ್ಥೆ 1911ರಲ್ಲಿ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಸಂಸ್ಥಾನದ ಕೈಗಾರಿಕಾ ಇಲಾಖೆಯ ಹೊಣೆ ಹೊತ್ತಿದ್ದ ಆಲ್‌ಫ್ರೆಡ್ ಚಾಟರ್ಟನ್ ಅವರು ಈ ಸಂಸ್ಥೆಯ ನೆರವು ಕೇಳಿದರು. ಪ್ರಾಧ್ಯಾಪಕರಾದ ಜೆ. ಜೆ. ಸಡ್‌ಬರೋ ಮತ್ತು ಎಚ್. ಇ. ವಾಟ್ಸನ್ ಅವರು ಎಣ್ಣೆ ತೆಗೆಯುವ ಪ್ರಯೋಗಗಳನ್ನು ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆಯ ತಯಾರಿಕೆ ಆರಂಭವಾಯಿತು. ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ ತಲೆಯೆತ್ತಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಎಣ್ಣೆ ಕೈಗೆ ಬಂದ ಮೇಲೆ ಅದರಿಂದ ಇನ್ನೇನು ಮಾಡಬಹುದೆಂಬ ಯೋಚನೆ ಮೂಡಿತು. ಎಸ್. ಜಿ. ಶಾಸ್ತ್ರಿ ಎಂಬ ತರುಣ ರಸಾಯನತಜ್ಞರನ್ನು ಸಾಬೂನು ತಯಾರಿಕೆಯ ಅಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರ ಪರಿಶ್ರಮದಿಂದ ರೂಪುಗೊಂಡ ಮೈಸೂರು ಸ್ಯಾಂಡಲ್ ಸೋಪು ಇಂದಿಗೂ ಕನ್ನಡಿಗರ ಬಚ್ಚಲುಮನೆಗಳಲ್ಲಿದೆ. ಒಂದು ಕಾಲಕ್ಕೆ ಕೊರಡಾಗಿ ಹಡಗು ಹತ್ತುತ್ತಿದ್ದ ಮರ, ಕಾರ್ಮಿಕರಿಗೆ ಕೂಲಿಯನ್ನೂ ಸಂಸ್ಥಾನಕ್ಕೆ ಹೆಸರನ್ನೂ ತರತೊಡಗಿತು.

ಇದೇ ಬಗೆಯ ನಂಟು ಎರಡನೆಯ ಮಹಾಯುದ್ಧದ ಕಾಲದಲ್ಲಿ ಮತ್ತೊಮ್ಮೆ ಕಾಣಿಸಿಕೊಂಡಿತು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. ಎರಡೇ ವರ್ಷಗಳಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆಯಿತು. ಅಲ್ಲಿ ಪಾಠ ಹೇಳಿದ ವಿ. ಎಂ. ಘಾಟಗೆಯವರೇ ಮುಂದೆ ಕಾರ್ಖಾನೆ ಸೇರಿ, 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸಕ್ಕೆ ನೇತೃತ್ವ ವಹಿಸಿದರು.

ವಿಶ್ವವಿದ್ಯಾಲಯ ಮತ್ತು ಉದ್ಯಮ ಕೈಜೋಡಿಸಬೇಕೆಂಬ ಮಾತು ಇಂದು ಸಭೆ-ಸಮಾರಂಭಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಒಪ್ಪಂದಗಳಿಗೆ ಸಹಿಯೂ ಬೀಳುತ್ತದೆ. ಶ್ರೀಗಂಧದ ಪ್ರಕರಣ ನೆನಪಿಸುವ ಸಂಗತಿ ಬೇರೆ. ವಿಜ್ಞಾನ ಸಂಸ್ಥೆ ಹುಟ್ಟಿದ್ದು ಗಂಧದೆಣ್ಣೆಗಾಗಿ ಅಲ್ಲ. ತಕ್ಷಣದ ಲಾಭ ಲೆಕ್ಕಿಸದೆ ಅದಕ್ಕೆ ಹಣ, ನೆಲ ಕೊಟ್ಟವರಿದ್ದರು. ಆದ್ದರಿಂದಲೇ ಐದು ವರ್ಷಗಳ ನಂತರ ಸಂಕಟ ಬಂದಾಗ ಉತ್ತರ ಹುಡುಕಬಲ್ಲವರು ಊರಿನಲ್ಲೇ ಸಿಕ್ಕರು. ಪ್ರಯೋಗದ ಫಲವನ್ನು ಕಡತದಲ್ಲಿ ಕೊಳೆಯಲು ಬಿಡದೆ, ನಷ್ಟದ ಭಯಕ್ಕೆ ಹಿಂಜರಿಯದೆ ಸರ್ಕಾರ ಕಾರ್ಖಾನೆ ಕಟ್ಟಿತು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಮರ ಕೊರಡಾಗಿಯೇ ಉಳಿಯುತ್ತಿತ್ತು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲವೆಂದು ಹಿರಿಯರು ಹೇಳುತ್ತಾರೆ. ಮೈಸೂರಿನ ಬಾವಿ ಮೊದಲೇ ತೋಡಿತ್ತು. ವಿದ್ಯಾಸಂಸ್ಥೆಗಳಿಗೆ ಕೊಡುವ ಹಣವನ್ನು ಬರೀ ಖರ್ಚೆಂದು ಬರೆದಿಡುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.