ಮಂಗಳೂರಿನಲ್ಲಿ ಪ್ರವಾಸಿ ಹಡಗುಗಳ ನಿಲುಗಡೆ

ಅರಬ್ಬೀ ಸಮುದ್ರದಲ್ಲಿ ಸಂಚರಿಸುವ ಪ್ರವಾಸಿ ಹಡಗುಗಳು (ಕ್ರೂಸ್ ಹಡಗುಗಳು) ಕರ್ನಾಟಕದ ದಕ್ಷಿಣ ಕನ್ನಡ ಜಿಲ್ಲೆಯ ಪಣಂಬೂರಿನಲ್ಲಿರುವ ನವಮಂಗಳೂರು ಬಂದರಿಗೆ ಭೇಟಿ ನೀಡುತ್ತವೆ. ಈ ಹಡಗುಗಳು ಸಾಮಾನ್ಯವಾಗಿ ಬೆಳಿಗ್ಗೆ ಬಂದು, ಒಂದು ಹಗಲು ತಂಗಿ, ಸಂಜೆಯ ಹೊತ್ತಿಗೆ ಮುಂದಿನ ಬಂದರಿಗೆ ತೆರಳುತ್ತವೆ. ಪ್ರಯಾಣಿಕರಿಗೆ ದಡದಲ್ಲಿ ದೊರೆಯುವ ಅವಧಿ ಕೆಲವೇ ಗಂಟೆಗಳಾದುದರಿಂದ, ನೋಡಬೇಕಾದ ತಾಣಗಳ ಆಯ್ಕೆ, ದೂರ, ದೇವಾಲಯಗಳ ಬಾಗಿಲು ಮುಚ್ಚುವ ವೇಳೆ ಮತ್ತು ಹಡಗಿಗೆ ಮರಳುವ ಸಮಯ ಇವೆಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಬೇಕಾಗುತ್ತದೆ.

ಹಿನ್ನೆಲೆ

ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಮತ್ತು ಗುರುಪುರ (ಫಲ್ಗುಣಿ) ನದಿಗಳು ಸಮುದ್ರವನ್ನು ಸೇರುವ ಅಳಿವೆಯ ಒಳಭಾಗದಲ್ಲಿದೆ. ಅಳಿವೆಯ ಬಾಯಿಯಲ್ಲಿ ಮರಳು ತುಂಬಿಕೊಳ್ಳುತ್ತಿದ್ದುದರಿಂದ ದೊಡ್ಡ ಹಡಗುಗಳು ಒಳಗೆ ಬರಲಾಗದೆ ಸಮುದ್ರದಲ್ಲಿಯೇ ಲಂಗರು ಹಾಕುತ್ತಿದ್ದವು. ಸರಕು ಮತ್ತು ಜನರನ್ನು ದೋಣಿಗಳಲ್ಲಿ ದಡಕ್ಕೆ ಸಾಗಿಸಲಾಗುತ್ತಿತ್ತು. ಈ ಕೊರತೆಯನ್ನು ನೀಗಿಸಲು ನಗರದ ಉತ್ತರಕ್ಕೆ ಪಣಂಬೂರಿನಲ್ಲಿ ನೆಲವನ್ನು ಅಗೆದು ಕೃತಕ ಬಂದರನ್ನು ನಿರ್ಮಿಸಲಾಯಿತು. 1974ರ ಮೇ 4ರಂದು ಇದನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಲಾಯಿತು. 1975ರ ಜನವರಿ 11ರಂದು ಅಂದಿನ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಇದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು.

ಬಂದರಿನ ಮುಖ್ಯ ವ್ಯವಹಾರ ಸರಕು ಸಾಗಣೆ. ಕಚ್ಚಾ ತೈಲ, ಅಡುಗೆ ಅನಿಲ, ಕಲ್ಲಿದ್ದಲು, ಕಾಫಿ ಮತ್ತು ಗೇರುಬೀಜ ಇಲ್ಲಿನ ಪ್ರಮುಖ ಸರಕುಗಳು. ಪ್ರವಾಸಿ ಹಡಗುಗಳೂ ಇದೇ ಬಂದರಿನ ಒಳಗೆ ಬಂದು ತಂಗುತ್ತವೆ. ಪ್ರಯಾಣಿಕರಿಗಾಗಿ ಪ್ರತ್ಯೇಕ ಕ್ರೂಸ್ ಟರ್ಮಿನಲ್ ಇದೆ. ಕೋವಿಡ್-19 ಪಿಡುಗಿನ ಕಾರಣದಿಂದ 2020ರಲ್ಲಿ ನಿಂತುಹೋದ ಅಂತರರಾಷ್ಟ್ರೀಯ ಪ್ರವಾಸಿ ಹಡಗುಗಳ ಭೇಟಿ 2022ರ ನವೆಂಬರ್‌ನಲ್ಲಿ ಎಂ.ಎಸ್. ಯೂರೋಪಾ 2 ಹಡಗಿನ ಆಗಮನದೊಂದಿಗೆ ಪುನರಾರಂಭಗೊಂಡಿತು. ದೇಶದಲ್ಲಿ ಹಡಗು ಪ್ರವಾಸೋದ್ಯಮವನ್ನು ಬೆಳೆಸುವ ಉದ್ದೇಶದಿಂದ ಕೇಂದ್ರ ಸರ್ಕಾರವು 2024ರ ಸೆಪ್ಟೆಂಬರ್ 30ರಂದು ‘ಕ್ರೂಸ್ ಭಾರತ್ ಮಿಷನ್’ ಎಂಬ ಯೋಜನೆಯನ್ನು ಆರಂಭಿಸಿತು.

ಮಾರ್ಗ ಮತ್ತು ಋತು

ಮಂಗಳೂರಿಗೆ ಬರುವ ಹಡಗುಗಳು ಬಹುಮಟ್ಟಿಗೆ ಮುಂಬಯಿ, ಗೋವೆಯ ಮರ್ಮಗೋವಾ, ಮಂಗಳೂರು, ಕೊಚ್ಚಿ ಈ ಸಾಲಿನಲ್ಲಿ ಅಥವಾ ಅದರ ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ. ಕೆಲವು ಹಡಗುಗಳು ಮಾಲ್ಡೀವ್ಸ್ ಹಾಗೂ ಶ್ರೀಲಂಕಾದ ಕೊಲಂಬೊ ಬಂದರುಗಳನ್ನೂ ಸೇರಿಸಿಕೊಳ್ಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರಿನಿಂದ ಕಡಲು ಪ್ರಕ್ಷುಬ್ಧವಾಗಿರುವುದರಿಂದ, ಹಡಗುಗಳ ಋತು ಮಳೆಗಾಲ ಮುಗಿದ ನಂತರ ಆರಂಭವಾಗಿ ಬೇಸಗೆಯವರೆಗೆ ನಡೆಯುತ್ತದೆ. ಡಿಸೆಂಬರ್ ಮತ್ತು ಜನವರಿ ತಿಂಗಳುಗಳ ಹವೆ ತಿರುಗಾಟಕ್ಕೆ ಅನುಕೂಲಕರವಾಗಿದೆ. ಮಾರ್ಚ್ ನಂತರ ಸೆಕೆ ಮತ್ತು ಗಾಳಿಯ ತೇವಾಂಶ ಹೆಚ್ಚಾಗಿ, ಮಧ್ಯಾಹ್ನದ ಹೊತ್ತು ಬಿಸಿಲಿನಲ್ಲಿ ನಡೆಯುವುದು ಕಷ್ಟಕರ.

ದಡಕ್ಕೆ ಇಳಿಯುವ ವಿಧಾನ

ವಿದೇಶಿ ಪ್ರಯಾಣಿಕರು ಕೆಲವೇ ಗಂಟೆಗಳ ಮಟ್ಟಿಗೆ ಇಳಿದರೂ ಭಾರತದ ವೀಸಾ ಹೊಂದಿರಬೇಕಾಗುತ್ತದೆ. ಇ-ವೀಸಾದ ಮೂಲಕ ದೇಶವನ್ನು ಪ್ರವೇಶಿಸಲು ಅನುಮತಿಯಿರುವ ಬಂದರುಗಳಲ್ಲಿ ಮಂಗಳೂರೂ ಒಂದು. ಹಡಗು ಭಾರತದ ಬಂದರನ್ನು ಬಿಟ್ಟು ಬೇರೆ ದೇಶಕ್ಕೆ ಹೋಗಿ ಮತ್ತೆ ಭಾರತಕ್ಕೆ ಮರಳುವುದಾದರೆ, ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಲು ಅವಕಾಶವಿರುವ ವೀಸಾ ಬೇಕಾಗುತ್ತದೆ. ವಲಸೆ ತಪಾಸಣೆ ಮುಗಿದ ಬಳಿಕವೇ ಪ್ರಯಾಣಿಕರು ಹೊರಗೆ ಬರಬಹುದು.

ಬಂದರಿನ ಒಳಭಾಗ ಭದ್ರತಾ ವಲಯವಾಗಿದ್ದು, ಭಾರೀ ಲಾರಿಗಳು ಓಡಾಡುವ ಪ್ರದೇಶವೂ ಆಗಿದೆ. ಆದ್ದರಿಂದ ಹಡಗಿನಿಂದ ಇಳಿದು ನಡೆದುಕೊಂಡೇ ಊರಿಗೆ ಹೋಗುವ ಅನುಕೂಲ ಇಲ್ಲಿಲ್ಲ. ನಗರದ ಮಧ್ಯಭಾಗವಾದ ಹಂಪನಕಟ್ಟೆ ಬಂದರಿನಿಂದ ಸುಮಾರು 10 ಕಿ.ಮೀ. ದೂರದಲ್ಲಿದೆ.

ಸಮಯದ ಲೆಕ್ಕ

ಹಡಗಿನ ವೇಳಾಪಟ್ಟಿಯಲ್ಲಿ ಕಾಣುವ ಅವಧಿ ಮತ್ತು ಪ್ರಯಾಣಿಕನಿಗೆ ನಿಜವಾಗಿ ದೊರೆಯುವ ಅವಧಿ ಒಂದೇ ಅಲ್ಲ. ಉದಾಹರಣೆಗೆ, ಬೆಳಿಗ್ಗೆ 7 ಗಂಟೆಗೆ ಬಂದು ಸಂಜೆ 5 ಗಂಟೆಗೆ ಹೊರಡುವ ಹಡಗು ಬಂದರಿನಲ್ಲಿ ಇರುವುದು 10 ಗಂಟೆ. ಹಡಗನ್ನು ಕಟ್ಟಿ, ತಪಾಸಣೆ ಮುಗಿಸಿ ಪ್ರಯಾಣಿಕರು ಟರ್ಮಿನಲ್‌ನಿಂದ ಹೊರಬರುವಾಗ 8.30 ಆಗಬಹುದು. ಹೊರಡುವುದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಎಲ್ಲರೂ ಹಡಗನ್ನು ಏರಿರಬೇಕೆಂಬುದು ಸಾಮಾನ್ಯ ನಿಯಮ. ಹಾಗಾಗಿ ಕೊನೆಯ ಗಡುವು 4.30 ಎಂದಿಟ್ಟುಕೊಂಡರೂ, ರಸ್ತೆಯ ಅನಿಶ್ಚಿತತೆಗೆ ಒಂದು ಗಂಟೆ ಮೀಸಲಿಟ್ಟು 3.30ಕ್ಕೆ ಬಂದರಿಗೆ ಮರಳುವುದು ಕ್ಷೇಮಕರ. ಹೀಗೆ ಲೆಕ್ಕ ಹಾಕಿದಾಗ 10 ಗಂಟೆಗಳಲ್ಲಿ ಕೈಗೆ ಸಿಗುವುದು 7 ಗಂಟೆ. ಅದರೊಳಗೇ ಪ್ರಯಾಣ ಮತ್ತು ಊಟ ಎರಡೂ ಸೇರುತ್ತವೆ.

ಮೀಸಲು ಸಮಯಕ್ಕೆ ಸ್ಥಳೀಯ ಕಾರಣವೂ ಇದೆ. ಬಂದರು ಮತ್ತು ನಗರದ ನಡುವೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಫಲ್ಗುಣಿ ನದಿಗೆ ಅಡ್ಡಲಾಗಿ ಕೂಳೂರು ಸೇತುವೆ ಇದೆ. ಬಂದರಿಗೆ ಬರುವ ಲಾರಿಗಳು ಮತ್ತು ನಗರದ ವಾಹನಗಳು ಒಟ್ಟಾಗಿ ಇಲ್ಲಿ ಸಂಚಾರ ದಟ್ಟಣೆ ಉಂಟಾಗುತ್ತದೆ. ನಂತೂರು ವೃತ್ತದಲ್ಲಿಯೂ ಇದೇ ಸ್ಥಿತಿ. ಹಡಗಿನ ಗಡಿಯಾರ ಸ್ಥಳೀಯ ಸಮಯಕ್ಕಿಂತ ಭಿನ್ನವಾಗಿರುವ ಸಾಧ್ಯತೆಯಿದ್ದು, ಇಳಿಯುವ ಮುನ್ನ ಹಡಗಿನ ಸಮಯವನ್ನು ಕೇಳಿ ತಿಳಿದುಕೊಳ್ಳುವುದು ಅವಶ್ಯಕ.

ನೋಡಬಹುದಾದ ತಾಣಗಳು

ಒಂದು ಹಗಲಿನಲ್ಲಿ ನಗರ ಮತ್ತು ಹೊರವಲಯ ಎರಡನ್ನೂ ಪೂರ್ತಿಯಾಗಿ ನೋಡಲಾಗದು. ಮೂರು ದಿಕ್ಕುಗಳಲ್ಲಿ ಒಂದನ್ನು ಆರಿಸಿಕೊಂಡರೆ ಸಮಯ ವ್ಯರ್ಥವಾಗುವುದಿಲ್ಲ.

1. ನಗರದೊಳಗೆ

ಕದ್ರಿ ಮಂಜುನಾಥ ದೇವಾಲಯ ನಗರದ ಪ್ರಾಚೀನ ದೇವಾಲಯಗಳಲ್ಲಿ ಒಂದು. ಇಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಕಾಲದ, ಕ್ರಿ.ಶ. 968ರ ಶಾಸನವಿದೆ. ಕುದ್ರೋಳಿ ಗೋಕರ್ಣನಾಥೇಶ್ವರ ದೇವಾಲಯವನ್ನು 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪಿಸಿದರು. ಅಂದು ದೇವಾಲಯಗಳಿಗೆ ಪ್ರವೇಶ ನಿರಾಕರಿಸಲ್ಪಟ್ಟಿದ್ದ ಬಿಲ್ಲವ ಸಮುದಾಯದ ಆತ್ಮಗೌರವದ ಹೋರಾಟದೊಂದಿಗೆ ಈ ದೇವಾಲಯದ ಚರಿತ್ರೆ ಬೆಸೆದುಕೊಂಡಿದೆ. ಮಂಗಳೂರು ದಸರಾ ನಡೆಯುವುದೂ ಇಲ್ಲಿಯೇ. ಸಂತ ಅಲೋಶಿಯಸ್ ಕಾಲೇಜಿನ ಆವರಣದಲ್ಲಿರುವ ಪ್ರಾರ್ಥನಾ ಮಂದಿರದ ಗೋಡೆ ಮತ್ತು ಮಾಡುಗಳನ್ನು ಇಟಲಿಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರ ಅವಧಿಯಲ್ಲಿ ವರ್ಣಚಿತ್ರಗಳಿಂದ ತುಂಬಿದರು. ಬೋಳೂರಿನ ಸುಲ್ತಾನ್ ಬತ್ತೇರಿಯು ಟಿಪ್ಪು ಸುಲ್ತಾನನ ಕಾಲದ ಕಾವಲು ಕೋಟೆ.

ಇವೆಲ್ಲವೂ ಪರಸ್ಪರ ಕೆಲವೇ ಕಿ.ಮೀ. ಅಂತರದಲ್ಲಿವೆ. ಕರಾವಳಿಯ ಅನೇಕ ದೇವಾಲಯಗಳು ಮಧ್ಯಾಹ್ನದ ಪೂಜೆಯ ಬಳಿಕ ಮುಚ್ಚಿ, ಸಂಜೆ ಮತ್ತೆ ತೆರೆಯುತ್ತವೆ. ಸಂಜೆ ಬಾಗಿಲು ತೆರೆಯುವ ಹೊತ್ತಿಗೆ ಹಡಗಿನ ಪ್ರಯಾಣಿಕರು ಬಂದರಿನಲ್ಲಿ ಇರಬೇಕಾಗುತ್ತದೆ. ಈ ಕಾರಣದಿಂದ ದೇವಾಲಯಗಳನ್ನು ಬೆಳಿಗ್ಗೆಯೇ ನೋಡಿ, ಉಳಿದ ತಾಣಗಳನ್ನು ನಂತರಕ್ಕೆ ಇಟ್ಟುಕೊಳ್ಳುವುದು ಸೂಕ್ತ.

2. ಕಾರ್ಕಳ ಮತ್ತು ಮೂಡುಬಿದಿರೆ

ಕಾರ್ಕಳವು ಮಂಗಳೂರಿನಿಂದ ಸುಮಾರು 50 ಕಿ.ಮೀ., ಮೂಡುಬಿದಿರೆಯು ಸುಮಾರು 35 ಕಿ.ಮೀ. ದೂರದಲ್ಲಿವೆ. ಎರಡೂ ತುಳುನಾಡಿನ ಜೈನ ಪರಂಪರೆಯ ಪ್ರಮುಖ ಕೇಂದ್ರಗಳು. ಕಾರ್ಕಳದ ಬಂಡೆಯ ಬೆಟ್ಟದ ಮೇಲೆ ಸುಮಾರು 42 ಅಡಿ ಎತ್ತರದ ಗೊಮ್ಮಟೇಶ್ವರನ ಏಕಶಿಲಾ ಮೂರ್ತಿಯಿದೆ. ಇದನ್ನು 1432ರಲ್ಲಿ ಭೈರರಸ ಮನೆತನದ ವೀರಪಾಂಡ್ಯ ಪ್ರತಿಷ್ಠಾಪಿಸಿದನು. ಬೆಟ್ಟದ ಎದುರಿಗೆ 1586ರ ಚತುರ್ಮುಖ ಬಸದಿಯಿದೆ. ಮೂಡುಬಿದಿರೆಯಲ್ಲಿ 1430ರಲ್ಲಿ ನಿರ್ಮಾಣಗೊಂಡ ತ್ರಿಭುವನ ತಿಲಕ ಚೂಡಾಮಣಿ ಬಸದಿ ಇದೆ. ಸಾವಿರ ಕಂಬದ ಬಸದಿ ಎಂದೇ ಜನಪ್ರಿಯವಾದ ಇದರ ಇಳಿಜಾರು ಮಾಡು ಕರಾವಳಿಯ ಭಾರೀ ಮಳೆಗೆ ಹೊಂದಿಕೊಂಡ ವಾಸ್ತುವಿಗೆ ಉತ್ತಮ ಉದಾಹರಣೆ.

ಈ ಪ್ರವಾಸದಲ್ಲಿ ರಸ್ತೆಯ ಮೇಲೆಯೇ ಮೂರು ಗಂಟೆಗೂ ಹೆಚ್ಚು ಕಾಲ ಕಳೆಯುತ್ತದೆ. ಕಾರ್ಕಳದ ಬೆಟ್ಟದ ಮೇಲೆ ಪಾದರಕ್ಷೆ ಕಳಚಬೇಕಾಗಿದ್ದು, ಬಂಡೆ ಬಿಸಿಲಿಗೆ ಬೇಗನೆ ಕಾಯುತ್ತದೆ. ಆದಕಾರಣ ದೂರದ ಕಾರ್ಕಳವನ್ನು ಮೊದಲು ನೋಡಿ, ಹಿಂದಿರುಗುವ ದಾರಿಯಲ್ಲಿ ಮೂಡುಬಿದಿರೆಯಲ್ಲಿ ಇಳಿಯುವುದು ಎರಡು ರೀತಿಯಲ್ಲಿ ಲಾಭಕರ: ಬಿಸಿಲು ತಪ್ಪುತ್ತದೆ, ದಿನ ಕಳೆದಂತೆ ಬಂದರಿನ ದೂರವೂ ಕಡಿಮೆಯಾಗುತ್ತದೆ. ಸಮಯ ಕಡಿಮೆಯಿದ್ದಲ್ಲಿ ಮೂಡುಬಿದಿರೆಯೊಂದನ್ನೇ ನೋಡಿ ಮರಳಬಹುದು.

3. ಬಂದರಿನ ಸಮೀಪ ಮತ್ತು ಪಿಲಿಕುಳ

ಮಕ್ಕಳು ಮತ್ತು ಹಿರಿಯರು ಜೊತೆಗಿರುವವರಿಗೆ ಅಥವಾ ಹಡಗು ತಡವಾಗಿ ಬಂದ ದಿನಗಳಲ್ಲಿ ಈ ಆಯ್ಕೆ ಅನುಕೂಲಕರ. ಪಣಂಬೂರು ಕಡಲತೀರ ಬಂದರಿಗೆ ಹೊಂದಿಕೊಂಡೇ ಇದೆ. ವಾಮಂಜೂರಿನ ಬಳಿಯ ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮದಲ್ಲಿ ಮೃಗಾಲಯ, ಸಸ್ಯೋದ್ಯಾನ, ಕುಶಲಕರ್ಮಿಗಳ ಗ್ರಾಮ, ತುಳುನಾಡಿನ ಗುತ್ತಿನ ಮನೆಯ ಮಾದರಿ ಮತ್ತು ತಾರಾಲಯ ಇವೆ.

ಉಡುಪಿ, ಧರ್ಮಸ್ಥಳ ಮತ್ತು ಶೃಂಗೇರಿ ಪ್ರಸಿದ್ಧ ಕ್ಷೇತ್ರಗಳಾದರೂ ಎಲ್ಲವೂ ಈ ಅವಧಿಗೆ ಹೊಂದುವುದಿಲ್ಲ. ಸುಮಾರು 75 ಕಿ.ಮೀ. ದೂರದ ಧರ್ಮಸ್ಥಳ ಮತ್ತು ಘಟ್ಟದ ಮೇಲಿನ ಶೃಂಗೇರಿಗೆ ಹೋಗಿಬರುವುದರಲ್ಲಿಯೇ ದಿನದ ಬಹುಭಾಗ ಕಳೆಯುತ್ತದೆ. ಉಡುಪಿಗೆ ಹೋಗಬಹುದಾದರೂ ಆ ದಿನ ಬೇರೆ ತಾಣಗಳಿಗೆ ಅವಕಾಶ ಉಳಿಯುವುದು ಕಡಿಮೆ.

ಸಂಚಾರ

ಪ್ರಯಾಣಿಕರಿಗೆ ಎರಡು ದಾರಿಗಳಿವೆ. ಹಡಗಿನ ಕಂಪನಿಯೇ ಏರ್ಪಡಿಸುವ ಬಸ್ ಪ್ರವಾಸಕ್ಕೆ ದರ ಹೆಚ್ಚು. ಆದರೆ ಆ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಬಾಡಿಗೆ ಕಾರು ಅಥವಾ ಆಟೋರಿಕ್ಷಾದಲ್ಲಿ ಸ್ವತಂತ್ರವಾಗಿ ಹೋಗುವವರಿಗೆ ಖರ್ಚು ಕಡಿಮೆ, ಆಯ್ಕೆಯ ಸ್ವಾತಂತ್ರ್ಯ ಹೆಚ್ಚು. ಆದರೆ ಅವರಿಗಾಗಿ ಹಡಗು ಕಾಯುವುದಿಲ್ಲ. ಬಾಡಿಗೆ ವಾಹನದವರೊಂದಿಗೆ ಹೋಗಬೇಕಾದ ಸ್ಥಳಗಳು, ಕಾಯುವ ಸಮಯ, ಮರಳಿ ಬಂದರಿಗೆ ಬಿಡಬೇಕಾದ ವೇಳೆ ಮತ್ತು ಒಟ್ಟು ಬಾಡಿಗೆಯನ್ನು ಹೊರಡುವ ಮೊದಲೇ ಮಾತನಾಡಿಕೊಳ್ಳುವುದು ಒಳಿತು.

ಆಹಾರ ಮತ್ತು ಖರೀದಿ

ನೀರುದೋಸೆ, ಗೋಳಿಬಜೆ, ಮಂಗಳೂರು ಬನ್ಸ್, ಕೋರಿರೊಟ್ಟಿ, ಬಂಗುಡೆ ಗಸಿ ಮತ್ತು ಗಡ್‌ಬಡ್ ಐಸ್‌ಕ್ರೀಮ್ ಸ್ಥಳೀಯ ವಿಶೇಷಗಳು. ಗೇರುಬೀಜ, ಕಾಫಿಪುಡಿ, ಸಂಬಾರ ಪದಾರ್ಥ ಮತ್ತು ಕೈಮಗ್ಗದ ಸೀರೆಗಳು ಕೊಂಡೊಯ್ಯಲು ತಕ್ಕ ವಸ್ತುಗಳು. ಬಾಸೆಲ್ ಮಿಷನ್ 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತು. ಅಲ್ಲಿಂದ ಬೆಳೆದ ಉದ್ಯಮದ ಮಂಗಳೂರು ಹೆಂಚು ಇಂದಿಗೂ ಹಳೆಯ ಬೀದಿಗಳ ಮಾಡುಗಳ ಮೇಲೆ ಕಾಣಸಿಗುತ್ತದೆ.

ನಡವಳಿಕೆ

ದೇವಾಲಯ ಮತ್ತು ಬಸದಿಗಳಲ್ಲಿ ಭುಜ ಹಾಗೂ ಮೊಣಕಾಲು ಮುಚ್ಚುವ ಉಡುಪು ಧರಿಸಬೇಕು, ಪಾದರಕ್ಷೆಗಳನ್ನು ಹೊರಗೆ ಬಿಡಬೇಕು. ಬಸದಿಗಳಿಗೆ ಚರ್ಮದ ವಸ್ತುಗಳನ್ನು ಒಯ್ಯದಿರುವುದು ವಾಡಿಕೆ. ಗರ್ಭಗುಡಿಯ ಛಾಯಾಚಿತ್ರ ತೆಗೆಯಬಾರದು. ಗೇರುಬೀಜ ಕಾರ್ಖಾನೆ ಮತ್ತು ಮೀನುಗಾರಿಕಾ ಧಕ್ಕೆಗಳು ಪ್ರವಾಸಿಗರ ಕುತೂಹಲ ಕೆರಳಿಸುವ ತಾಣಗಳಾದರೂ ಅವು ಮೂಲತಃ ಜನರ ದುಡಿಮೆಯ ಸ್ಥಳಗಳು. ಅಲ್ಲಿ ಕೆಲಸ ಮಾಡುವ ಮಹಿಳೆಯರ ಹಾಗೂ ಮೀನುಗಾರರ ಚಿತ್ರ ತೆಗೆಯುವ ಮೊದಲು ಅವರ ಒಪ್ಪಿಗೆ ಪಡೆಯುವುದು ಸೌಜನ್ಯ.

ಹಡಗು ತಪ್ಪಿದಲ್ಲಿ

ಹಡಗನ್ನು ತಪ್ಪಿಸಿಕೊಂಡ ಪ್ರಯಾಣಿಕರು ಸ್ವಂತ ಖರ್ಚಿನಲ್ಲಿ ಮುಂದಿನ ಬಂದರನ್ನು ತಲುಪಬೇಕಾಗುತ್ತದೆ. ಮುಂದಿನ ಬಂದರು ಕೊಚ್ಚಿಯಾದರೆ ಎರ್ನಾಕುಳಂಗೆ, ಗೋವೆಯಾದರೆ ಕೊಂಕಣ ರೈಲು ಮಾರ್ಗವಾಗಿ ಮಡಗಾಂವ್‌ಗೆ ಮಂಗಳೂರಿನಿಂದ ರೈಲುಗಳಿವೆ. ಮುಂದಿನ ಬಂದರು ವಿದೇಶದಲ್ಲಿದ್ದರೆ ಪಾಸ್‌ಪೋರ್ಟ್ ಇಲ್ಲದೆ ಪ್ರಯಾಣ ಅಸಾಧ್ಯ. ಅನೇಕ ಹಡಗುಗಳು ಪ್ರಯಾಣಿಕರ ಪಾಸ್‌ಪೋರ್ಟ್‌ಗಳನ್ನು ತಮ್ಮ ಬಳಿಯೇ ಇಟ್ಟುಕೊಳ್ಳುತ್ತವೆ. ಆದ್ದರಿಂದ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ, ಹಡಗಿನ ಗುರುತಿನ ಚೀಟಿ, ಸ್ವಲ್ಪ ನಗದು, ನಿತ್ಯ ಸೇವಿಸುವ ಔಷಧಿ ಹಾಗೂ ಹಡಗಿನ ಸ್ಥಳೀಯ ಏಜೆಂಟರ ದೂರವಾಣಿ ಸಂಖ್ಯೆಯನ್ನು ಜೊತೆಯಲ್ಲಿ ಇಟ್ಟುಕೊಳ್ಳಬೇಕು.

ನಗರಕ್ಕೆ ಆಗುವ ಪ್ರಯೋಜನ

ಹಡಗಿನ ಪ್ರಯಾಣಿಕರು ರಾತ್ರಿ ಊರಿನಲ್ಲಿ ತಂಗುವುದಿಲ್ಲ. ಅನೇಕರು ಊಟವನ್ನೂ ಹಡಗಿನಲ್ಲಿಯೇ ಮಾಡುತ್ತಾರೆ, ಕೆಲವರು ದಡಕ್ಕೆ ಇಳಿಯುವುದೇ ಇಲ್ಲ. ಹಾಗಾಗಿ ಒಂದು ಹಡಗಿನಲ್ಲಿ ಬಂದವರ ಸಂಖ್ಯೆಯಿಂದ ಮಾತ್ರ ನಗರಕ್ಕೆ ಆದ ಲಾಭವನ್ನು ಅಳೆಯಲಾಗದು. ಬಸ್ಸಿನಿಂದ ಇಳಿಯದೆ ಹಲವು ತಾಣಗಳನ್ನು ಹಾದುಹೋಗುವ ಪ್ರವಾಸಕ್ಕಿಂತ, ಎರಡು ಮೂರು ಸ್ಥಳಗಳಲ್ಲಿ ನಿಂತು ನೋಡುವ ಪ್ರವಾಸದಿಂದ ಆಟೋ ಚಾಲಕರು, ಮಾರ್ಗದರ್ಶಕರು, ಸಣ್ಣ ಅಂಗಡಿಗಳು ಮತ್ತು ಹೋಟೆಲುಗಳಿಗೆ ಹೆಚ್ಚಿನ ಆದಾಯ ಸಿಗುವ ಅವಕಾಶವಿದೆ. ಅಲ್ಪಾವಧಿಯ ನಿಲುಗಡೆಯಲ್ಲಿ ಕಡಿಮೆ ತಾಣಗಳನ್ನು ಆರಿಸಿಕೊಳ್ಳುವುದು ಪ್ರಯಾಣಿಕರಿಗೂ ಊರಿಗೂ ಸಮಾನವಾಗಿ ಅನುಕೂಲಕರ.